ಹಚ್ಚಿದ ಕಿಚ್ಚಿಗೇ ಆಹುತಿಯಾದ ಚಕ್ರವರ್ತಿ

1182ರ ವಸಂತ. ಬೈಜಾಂಟೈನ್ ಸಾಮ್ರಾಜ್ಯದ ರಾಜಧಾನಿ ಕಾನ್‌ಸ್ಟಾಂಟಿನೋಪಲ್ ಹೊತ್ತಿ ಉರಿಯುತ್ತಿತ್ತು. ಗೋಲ್ಡನ್ ಹಾರ್ನ್ ಕೊಲ್ಲಿಯ ದಡದಲ್ಲಿದ್ದ ಇಟಲಿ ವರ್ತಕರ ಕೇರಿಗಳಿಗೆ ಜನ ನುಗ್ಗಿದ್ದರು. ಮನೆಗಳು, ಮಳಿಗೆಗಳು, ಚರ್ಚುಗಳು, ಕೊನೆಗೆ ರೋಗಿಗಳು ಮಲಗಿದ್ದ ಆಸ್ಪತ್ರೆಯೂ ಉಳಿಯಲಿಲ್ಲ. ಬಾಸ್ಪರಸ್ ಜಲಸಂಧಿಯ ಆಚೆ ದಡದಲ್ಲಿ, ಅರವತ್ತು ದಾಟಿದ ರಾಜವಂಶಸ್ಥನೊಬ್ಬ ಸೇನೆಯೊಂದಿಗೆ ಬೀಡುಬಿಟ್ಟು ಕಾದಿದ್ದ. ಆತನಿನ್ನೂ ನಗರದೊಳಗೆ ಕಾಲಿಟ್ಟಿರಲಿಲ್ಲ. ಆದರೆ ಬೀದಿಯಲ್ಲಿ ಹರಿದ ರಕ್ತ ಆತನಿಗೆ ಅರಮನೆಯ ಹಾದಿಯನ್ನು ಸುಗಮಗೊಳಿಸಿತ್ತು.

ಆತ ಆಂಡ್ರೊನಿಕಸ್ ಕಾಮ್ನೆನಸ್. ಮರುವರ್ಷ ಆತ ಚಕ್ರವರ್ತಿಯಾದ. ಮೂರು ವರ್ಷ ಕಳೆಯುವಷ್ಟರಲ್ಲಿ ಅದೇ ನಗರದ ಜನ, ಅದೇ ಬೀದಿಗಳಲ್ಲಿ ಆತನನ್ನು ಎಳೆದಾಡಿ ಕೊಂದರು. ಪರದೇಶಿ ವರ್ತಕರ ಮೇಲಿನ ದ್ವೇಷವನ್ನೇ ಏಣಿಯಾಗಿಸಿಕೊಂಡು ಮೇಲೇರಿದ ಮನುಷ್ಯನ ಬದುಕು ಹೇಗೆ ಸಾಗಿತು, ಹೇಗೆ ಮುಗಿಯಿತು ಎಂಬುದು ಮಧ್ಯಯುಗದ ಚರಿತ್ರೆಯ ದಾರುಣ ಅಧ್ಯಾಯಗಳಲ್ಲೊಂದು.

ಅಜ್ಜ ಬರೆದ ಸನ್ನದು

ಆಂಡ್ರೊನಿಕಸ್ ಹುಟ್ಟಿದ್ದು 1118ರ ಆಸುಪಾಸಿನಲ್ಲಿ. ಚಕ್ರವರ್ತಿ ಒಂದನೇ ಅಲೆಕ್ಸಿಯಸ್ ಕಾಮ್ನೆನಸ್ ಆತನ ಅಜ್ಜ. ಮುಂದೆ ಮೊಮ್ಮಗನ ಕಾಲದಲ್ಲಿ ಭುಗಿಲೆದ್ದ ಬೆಂಕಿಯ ಮೊದಲ ಕಿಡಿ ಈ ಅಜ್ಜನ ಆಳ್ವಿಕೆಯಲ್ಲೇ ಇತ್ತು ಎಂಬುದು ಗಮನಾರ್ಹ.

ದಕ್ಷಿಣ ಇಟಲಿಯ ನಾರ್ಮನ್ನರು ಸಾಮ್ರಾಜ್ಯದ ಮೇಲೆ ದಂಡೆತ್ತಿ ಬಂದಾಗ ಅಲೆಕ್ಸಿಯಸ್‌ನ ಬಳಿ ಸಾಕಷ್ಟು ನೌಕಾಬಲ ಇರಲಿಲ್ಲ. ನೆರವಿಗೆ ಬಂದದ್ದು ವೆನಿಸ್ ನಗರದ ಹಡಗುಗಳು. ಆ ಉಪಕಾರಕ್ಕೆ ಪ್ರತಿಯಾಗಿ ಚಕ್ರವರ್ತಿ ಚಿನ್ನದ ಮುದ್ರೆಯ ಸನ್ನದೊಂದನ್ನು ಬರೆದುಕೊಟ್ಟ. ಸಾಂಪ್ರದಾಯಿಕವಾಗಿ ಇದರ ಕಾಲವನ್ನು 1082 ಎಂದು ಗುರುತಿಸಲಾಗುತ್ತದೆ. ಅದರ ಪ್ರಕಾರ ವೆನಿಸ್‌ನ ವರ್ತಕರು ಸಾಮ್ರಾಜ್ಯದ ಬಹುತೇಕ ಬಂದರುಗಳಲ್ಲಿ ಸುಂಕವಿಲ್ಲದೆ ವ್ಯಾಪಾರ ಮಾಡಬಹುದಿತ್ತು. ರಾಜಧಾನಿಯ ಕಡಲ ದಡದಲ್ಲಿ ಅವರಿಗೆಂದೇ ಕೇರಿ, ಹಡಗುಕಟ್ಟೆ, ಮಳಿಗೆಗಳನ್ನು ಬಿಟ್ಟುಕೊಡಲಾಯಿತು. 1111ರಲ್ಲಿ ಪೀಸಾದವರಿಗೂ 1155ರಲ್ಲಿ ಜಿನೋವಾದವರಿಗೂ ಇಂಥದ್ದೇ ರಿಯಾಯಿತಿ ದೊರೆಯಿತು. ಅವರಿಗೆ ಸುಂಕ ಪೂರ್ತಿ ಮನ್ನಾ ಆಗಲಿಲ್ಲ, ಶೇ 4ಕ್ಕೆ ಇಳಿಯಿತು.

ಆದರೆ ಅದೇ ಊರಿನ ಗ್ರೀಕ್ ವ್ಯಾಪಾರಿ ಶೇ 10ರಷ್ಟು ಸುಂಕ ತೆರುತ್ತಲೇ ಇದ್ದ. ಪಕ್ಕದ ಮಳಿಗೆಯಲ್ಲಿ ಅದೇ ಸರಕು, ಅದೇ ಗಿರಾಕಿ. ಸುಂಕ ಮಾತ್ರ ಬೇರೆ. ಅಸಮಾಧಾನಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿರಲಿಲ್ಲ. ಇದರೊಂದಿಗೆ ಮತಭೇದವೂ ಸೇರಿಕೊಂಡಿತು. ರೋಮ್‌ನ ಪೋಪ್‌ಗೆ ನಿಷ್ಠರಾದ ಪಶ್ಚಿಮದ ಕ್ರೈಸ್ತರನ್ನು ಗ್ರೀಕರು ಒಟ್ಟಾಗಿ ಲ್ಯಾಟಿನ್ನರು ಎಂದು ಕರೆಯುತ್ತಿದ್ದರು. 1054ರಲ್ಲಿ ಎರಡೂ ಚರ್ಚುಗಳ ಮುಖ್ಯಸ್ಥರ ನಡುವೆ ಬಿದ್ದ ಬಿರುಕು ಮುಚ್ಚಿರಲಿಲ್ಲ. ಹೀಗಿದ್ದೂ ಅನೇಕ ಲ್ಯಾಟಿನ್ನರು ಗ್ರೀಕ್ ಹೆಣ್ಣುಗಳನ್ನು ಮದುವೆಯಾಗಿ, ತಮ್ಮ ಕೇರಿಯ ಗಡಿ ದಾಟಿ ಊರ ನಡುವೆ ಮನೆ ಮಾಡಿಕೊಂಡಿದ್ದರು. ಅವರ ಮಕ್ಕಳಿಗೆ ಕಾನ್‌ಸ್ಟಾಂಟಿನೋಪಲ್ಲೇ ತವರು.

ಸೆರೆಯಿಂದ ಸೆರೆಗೆ

ಇತ್ತ ಆಂಡ್ರೊನಿಕಸ್ ಬೆಳೆದದ್ದು ಅರಮನೆಯ ಅನುಮಾನಗಳ ನೆರಳಿನಲ್ಲಿ. ಆತನ ತಂದೆ ಸ್ವಂತ ಅಣ್ಣನಾದ ಚಕ್ರವರ್ತಿ ಎರಡನೇ ಜಾನ್ ವಿರುದ್ಧ ಸಂಚು ಹೂಡಿ ವರ್ಷಗಟ್ಟಲೆ ದೇಶಾಂತರ ಅಲೆದವನು. ಮಗನಿಗೂ ಅದೇ ಚಾಳಿ ಬಂತು. ಎತ್ತರದ ನಿಲುವು, ಕಟ್ಟುಮಸ್ತಾದ ಮೈಕಟ್ಟು, ಮಾತಿನಲ್ಲಿ ಮರುಳುಮಾಡುವ ಶಕ್ತಿ. ಊಟ ಮಿತ, ವ್ಯಾಯಾಮ ನಿತ್ಯ. ಮುಪ್ಪಿನಲ್ಲೂ ಆತನ ಆರೋಗ್ಯ ಕೆಡಲಿಲ್ಲವೆಂದು ಸಮಕಾಲೀನ ಇತಿಹಾಸಕಾರ ನಿಕೆಟಾಸ್ ಕೋನಿಯಾಟೆಸ್ ಬರೆದಿದ್ದಾನೆ. ಆಂಡ್ರೊನಿಕಸ್‌ನ ಬದುಕಿನ ಬಹುಪಾಲು ವಿವರಗಳು ಲೋಕಕ್ಕೆ ತಿಳಿದದ್ದು ಈ ನಿಕೆಟಾಸ್‌ನ ಗ್ರಂಥದಿಂದಲೇ.

1143ರಲ್ಲಿ ಸಿಂಹಾಸನವೇರಿದ ಮ್ಯಾನುಯಲ್, ಆಂಡ್ರೊನಿಕಸ್‌ನ ದೊಡ್ಡಪ್ಪನ ಮಗ. ಇಬ್ಬರೂ ಹೆಚ್ಚುಕಡಿಮೆ ಓರಗೆಯವರು, ಒಟ್ಟಿಗೆ ಆಡಿ ಬೆಳೆದವರು. ಮ್ಯಾನುಯಲ್‌ಗೆ ಈ ಸೋದರನ ಮೇಲೆ ಮಮತೆಯಿತ್ತು, ಭಯವೂ ಇತ್ತು. ಸಿಲೀಷಿಯಾ ಪ್ರಾಂತ್ಯಕ್ಕೆ ಕಳಿಸಿದಾಗ ಆಂಡ್ರೊನಿಕಸ್ ಯುದ್ಧದಲ್ಲಿ ಸೋತು ಬಂದ. ಗಡಿಗೆ ಕಳಿಸಿದರೆ ಹಂಗೆರಿಯ ದೊರೆಯೊಂದಿಗೆ ಒಳಸಂಚು ನಡೆಸಿದನೆಂಬ ಆರೋಪ ಹೊತ್ತ. ಕೊನೆಗೆ ರಾಜಧಾನಿಯ ಸೆರೆಮನೆಗೆ ಬಿದ್ದ.

ಸೆರೆವಾಸ ಹತ್ತು ವರ್ಷಕ್ಕೂ ಮೀರಿತು. ಅಲ್ಲಿಂದ ಆತ ತಪ್ಪಿಸಿಕೊಂಡ ಪರಿ ಪತ್ತೇದಾರಿ ಕಾದಂಬರಿಯನ್ನೂ ನಾಚಿಸುವಂಥದ್ದು. ಒಮ್ಮೆ ಕೋಣೆಯ ನೆಲದಡಿಯಲ್ಲಿದ್ದ ಹಳೆಯ ಸುರಂಗದಲ್ಲಿ ಅಡಗಿ ಕುಳಿತ. ಕೈದಿ ಪರಾರಿಯಾದನೆಂದು ಭಾವಿಸಿದ ಅಧಿಕಾರಿಗಳು ಆತನ ಹೆಂಡತಿಯನ್ನು ತಂದು ಅದೇ ಕೋಣೆಯಲ್ಲಿ ಕೂಡಿಹಾಕಿದರು. ಕತ್ತಲಾದ ಮೇಲೆ ನೆಲದೊಳಗಿಂದ ಗಂಡ ಎದ್ದು ಬಂದ! ಕೆಲಕಾಲದ ನಂತರ ಹೊರಬಿದ್ದನಾದರೂ ಮತ್ತೆ ಸಿಕ್ಕಿಬಿದ್ದ. ಮುಂದಿನ ಬಾರಿ ಬೀಗದ ಕೈಗಳ ಅಚ್ಚನ್ನು ಮೇಣದಲ್ಲಿ ತೆಗೆಸಿ, ಮಗನ ಮೂಲಕ ನಕಲಿ ಕೈಗಳನ್ನು ಮಾಡಿಸಿ, ದ್ರಾಕ್ಷಾರಸದ ಹೂಜಿಯಲ್ಲಿ ಹಗ್ಗ ತರಿಸಿಕೊಂಡು ಗೋಡೆ ಇಳಿದ. ಉತ್ತರದ ಗಲೀಷಿಯಾ ಸಂಸ್ಥಾನದಲ್ಲಿ ಆಶ್ರಯ ಪಡೆದ.

ಮ್ಯಾನುಯಲ್ ಕ್ಷಮಿಸಿ ಹಿಂದಕ್ಕೆ ಕರೆಸಿಕೊಂಡ. ಮತ್ತೆ ಸಿಲೀಷಿಯಾದ ಅಧಿಕಾರವನ್ನೂ ಕೊಟ್ಟ. ಆದರೆ ಆಂಡ್ರೊನಿಕಸ್ ಖಜಾನೆಯ ಹಣ ಹೊತ್ತು ನೆರೆಯ ಆಂಟಿಯೋಕ್‌ಗೆ ನಡೆದ. ಅಲ್ಲಿ ಸಾಮ್ರಾಜ್ಞಿ ಮರಿಯಾಳ ತಂಗಿ ಫಿಲಿಪಾಳ ಮನಸ್ಸು ಕದ್ದು ಹಗರಣ ಎಬ್ಬಿಸಿದ. ಚಕ್ರವರ್ತಿಯ ಸಿಟ್ಟಿಗೆ ಹೆದರಿ ಅವಳನ್ನು ತೊರೆದು ಜೆರುಸಲೇಮ್ ಸೇರಿದ. ಅಲ್ಲಿನ ದೊರೆ ಆತನಿಗೆ ಬೈರೂತ್ ಪಟ್ಟಣವನ್ನು ಬಿಟ್ಟುಕೊಟ್ಟ. ಅಲ್ಲಿ ಮ್ಯಾನುಯಲ್‌ನ ಅಣ್ಣನ ಮಗಳು, ಜೆರುಸಲೇಮ್‌ನ ಹಿಂದಿನ ದೊರೆಯ ವಿಧವೆ ಥಿಯೊಡೋರಾಳೊಂದಿಗೆ ಪ್ರೇಮಪಾಶಕ್ಕೆ ಸಿಲುಕಿ, ಅವಳನ್ನು ಕರೆದುಕೊಂಡು ದಮಾಸ್ಕಸ್‌ನ ಸುಲ್ತಾನ ನೂರುದ್ದೀನನ ಆಸ್ಥಾನಕ್ಕೆ ಓಡಿಹೋದ. ಮುಂದೆ ವರ್ಷಗಟ್ಟಲೆ ಇಬ್ಬರೂ ಮಕ್ಕಳೊಂದಿಗೆ ಪೂರ್ವದ ನಾಡುಗಳಲ್ಲಿ ಅಲೆದರು.

ಇಲ್ಲೊಂದು ವಿಪರ್ಯಾಸವಿದೆ. ಲ್ಯಾಟಿನ್ನರ ಅರಮನೆಯಲ್ಲಿ ಉಂಡು, ತುರ್ಕರ ಕೋಟೆಯಲ್ಲಿ ಮಲಗಿ, ಪರದೇಶಿಯಾಗಿ ಬದುಕುವುದೆಂದರೇನು ಎಂಬುದನ್ನು ಆಂಡ್ರೊನಿಕಸ್‌ನಷ್ಟು ಚೆನ್ನಾಗಿ ಬಲ್ಲ ಗ್ರೀಕ್ ರಾಜಪುತ್ರ ಆ ಕಾಲದಲ್ಲಿ ಮತ್ತೊಬ್ಬನಿರಲಿಲ್ಲ. ಎಲ್ಲೆಡೆಯೂ ಆತನಿಗೆ ಬಾಗಿಲು ತೆರೆದಿತ್ತು.

1171ರ ಒಂದು ದಿನ

ಆಂಡ್ರೊನಿಕಸ್ ದೂರದ ನಾಡಿನಲ್ಲಿದ್ದಾಗಲೇ ರಾಜಧಾನಿಯ ವರ್ತಕರ ಮೇಲೆ ಮೊದಲ ಸಿಡಿಲು ಬಡಿಯಿತು. ಇಟಲಿಯ ನಗರಗಳು ಪರಸ್ಪರರ ವೈರಿಗಳು. 1162ರಲ್ಲಿ ಪೀಸಾದವರು ಜಿನೋವಾದವರ ಕೇರಿಯನ್ನು ಲೂಟಿ ಮಾಡಿದ್ದರು. ಮುಂದೆ ಜಿನೋವಾದವರ ಕೇರಿಗೆ ನುಗ್ಗಿದ ಆರೋಪ ವೆನಿಸ್‌ನವರ ಮೇಲೆ ಬಂತು. ನಷ್ಟ ಕಟ್ಟಿಕೊಡಿ ಎಂಬ ಆಜ್ಞೆಗೆ ವೆನಿಸ್‌ನವರು ಬಗ್ಗಲಿಲ್ಲ.

ಮ್ಯಾನುಯಲ್ ಗುಟ್ಟಾಗಿ ಸಿದ್ಧತೆ ನಡೆಸಿದ. 1171ರ ಮಾರ್ಚ್ 12ರಂದು ಸಾಮ್ರಾಜ್ಯದ ಉದ್ದಗಲಕ್ಕೂ ಏಕಕಾಲಕ್ಕೆ ವೆನಿಸ್‌ನ ಪ್ರಜೆಗಳನ್ನು ಬಂಧಿಸಲಾಯಿತು. ಅವರ ಸರಕು, ಹಡಗು, ಮನೆಗಳನ್ನು ಮುಟ್ಟುಗೋಲು ಹಾಕಿಕೊಳ್ಳಲಾಯಿತು. ಸೆರೆಮನೆಗಳು ಸಾಲದೆ ಮಠಗಳಲ್ಲೂ ಕೈದಿಗಳನ್ನು ಕೂಡಿಹಾಕಬೇಕಾಯಿತು. ಸೇಡು ತೀರಿಸಿಕೊಳ್ಳಲು ಹೊರಟ ವೆನಿಸ್‌ನ ನೌಕಾಪಡೆ ಕೀಯಾಸ್ ದ್ವೀಪದಲ್ಲಿ ಸಾಂಕ್ರಾಮಿಕ ರೋಗಕ್ಕೆ ತುತ್ತಾಗಿ ಬರಿಗೈಲಿ ಮರಳಿತು. ಅದನ್ನು ಮುನ್ನಡೆಸಿದ್ದ ನಗರಾಧ್ಯಕ್ಷ 1172ರಲ್ಲಿ ಸ್ವಂತ ಊರಿನ ಜನರಿಂದಲೇ ಹತನಾದ.

ವೆನಿಸ್‌ನವರು ತೆರವು ಮಾಡಿದ ಜಾಗದಲ್ಲಿ ಪೀಸಾ ಮತ್ತು ಜಿನೋವಾದ ವರ್ತಕರು ಇನ್ನಷ್ಟು ಬಲಿತರು. ಪರದೇಶಿ ವರ್ತಕರನ್ನು ರಾತ್ರೋರಾತ್ರಿ ಬರಿಗೈ ಮಾಡಬಹುದು ಎಂಬ ಪಾಠವನ್ನು ರಾಜಧಾನಿಯ ಜನ ಕಲಿತರು. ಕಲಿಸಿದ್ದು ಸ್ವತಃ ಪ್ರಭುತ್ವ.

ಕೊರಳಿಗೆ ಸರಪಳಿ

ಇತ್ತ ಟ್ರೆಬಿಜಾಂಡ್‌ನ ಅಧಿಕಾರಿ ಥಿಯೊಡೋರಾಳನ್ನೂ ಮಕ್ಕಳನ್ನೂ ಸೆರೆಹಿಡಿದು ರಾಜಧಾನಿಗೆ ಕಳುಹಿಸಿದಾಗ ಆಂಡ್ರೊನಿಕಸ್ ಕುಗ್ಗಿಹೋದ. ಶರಣಾಗಲು ಒಪ್ಪಿ ಬಂದ. ಆಸ್ಥಾನದಲ್ಲಿ ಆತ ಆಡಿದ ನಾಟಕ ನೋಡಿದವರ ಕಣ್ಣಲ್ಲಿ ನೀರು ತರಿಸಿತು. ನಿಲುವಂಗಿಯೊಳಗೆ ಅಡಗಿಸಿಕೊಂಡಿದ್ದ ಭಾರವಾದ ಕಬ್ಬಿಣದ ಸರಪಳಿಯನ್ನು ಹೊರಗೆ ತೋರಿಸಿ ನೆಲಕ್ಕೆ ಬಿದ್ದ. ಕೊರಳಿಗೆ ಸುತ್ತಿದ್ದ ಆ ಸರಪಳಿ ಹಿಡಿದು ತನ್ನನ್ನು ಸಿಂಹಾಸನದ ಬಳಿಗೆ ಎಳೆದೊಯ್ಯಬೇಕೆಂದು ಹಟ ಹಿಡಿದ. ಹಾಗೆ ಎಳೆದವನು ಐಸಾಕ್ ಏಂಜೆಲಸ್ ಎಂದು ನಿಕೆಟಾಸ್ ದಾಖಲಿಸುತ್ತಾನೆ. ಆ ಹೆಸರು ಈ ಕಥೆಯಲ್ಲಿ ಮತ್ತೆ ಬರಲಿದೆ.

ಮ್ಯಾನುಯಲ್ ಕರಗಿದ. ತನಗೂ ತನ್ನ ಮಗನಿಗೂ ನಿಷ್ಠನಾಗಿರುವ ಪ್ರಮಾಣ ಮಾಡಿಸಿಕೊಂಡು, ಕಪ್ಪು ಸಮುದ್ರದ ದಡದ ಪಟ್ಟಣವೊಂದರಲ್ಲಿ ನೆಲೆಸಲು ಆಂಡ್ರೊನಿಕಸ್‌ನನ್ನು ಕಳುಹಿಸಿದ. ಮುದುಕ ಇನ್ನು ತೆಪ್ಪಗಿರುತ್ತಾನೆ ಎಂದು ಎಲ್ಲರೂ ಭಾವಿಸಿದರು.

1180ರ ಸೆಪ್ಟೆಂಬರ್ 24ರಂದು ಮ್ಯಾನುಯಲ್ ತೀರಿಕೊಂಡ. ಉತ್ತರಾಧಿಕಾರಿ ಎರಡನೇ ಅಲೆಕ್ಸಿಯಸ್‌ಗೆ ಆಗ 11 ವರ್ಷ. ಹುಡುಗನ ಪರವಾಗಿ ಆಳ್ವಿಕೆ ವಹಿಸಿಕೊಂಡವಳು ತಾಯಿ ಮರಿಯಾ. ಅವಳು ಆಂಟಿಯೋಕ್‌ನ ಲ್ಯಾಟಿನ್ ರಾಜಕುಮಾರಿ. ಅವಳ ಆಪ್ತ ಸಲಹೆಗಾರನೂ ಲ್ಯಾಟಿನ್ ವರ್ತಕರು ಮತ್ತು ಕೂಲಿ ಸೈನಿಕರನ್ನೇ ನೆಚ್ಚಿಕೊಂಡಿದ್ದ. ಪರದೇಶಿ ರಾಣಿ, ಪರದೇಶಿ ಸೈನಿಕ, ಪರದೇಶಿ ಸಾಹುಕಾರ: ಮೂವರನ್ನೂ ಒಂದೇ ಕಣ್ಣಲ್ಲಿ ನೋಡಲು ಜನರಿಗೆ ಕಷ್ಟವಾಗಲಿಲ್ಲ. 1181ರಲ್ಲಿ ಮ್ಯಾನುಯಲ್‌ನ ಹಿರಿಯ ಮಗಳು ದಂಗೆಯೆದ್ದು ಹಗಿಯಾ ಸೋಫಿಯಾ ಚರ್ಚಿನಲ್ಲಿ ಆಶ್ರಯ ಪಡೆದಾಗ ಬೀದಿಗಳಲ್ಲಿ ಕಾಳಗವೇ ನಡೆಯಿತು.

ಅವಕಾಶಕ್ಕಾಗಿ ಕಾದಿದ್ದ ಆಂಡ್ರೊನಿಕಸ್ ತಾನು ಮಾಡಿದ್ದ ಪ್ರಮಾಣವನ್ನೇ ಆಯುಧ ಮಾಡಿಕೊಂಡ. ಬಾಲಕ ಚಕ್ರವರ್ತಿಯ ಮಾನ ಕಾಪಾಡುವುದು ತನ್ನ ಧರ್ಮ ಎಂದು ಸಾರುತ್ತಾ ಪಶ್ಚಿಮಕ್ಕೆ ಹೊರಟ. ತಡೆಯಲು ಹೋದ ಸೇನೆ ಸೋತಿತು. ಜಲಸಂಧಿಯನ್ನು ಕಾಯಬೇಕಿದ್ದ ನೌಕಾಪಡೆಯ ದಂಡನಾಯಕ ಪಕ್ಷ ಬದಲಿಸಿದ. ರಾಣಿಯ ಸಲಹೆಗಾರನನ್ನು ಹಿಡಿದು ಕಣ್ಣು ಕೀಳಿಸಲಾಯಿತು.

ಮನೆ ಬಾಗಿಲಿಗೆ ಬಂದ ಸಾವು

ನಗರದಲ್ಲಿ ಆಂಡ್ರೊನಿಕಸ್‌ಗೆ ಅಡ್ಡಿಯಾಗಿ ಉಳಿದಿದ್ದವರು ಲ್ಯಾಟಿನ್ನರು ಮಾತ್ರ. ಆತ ಪ್ಯಾಫ್ಲಗೋನಿಯಾದಿಂದ ಕರೆತಂದಿದ್ದ ಸೈನಿಕರನ್ನು ಜಲಸಂಧಿ ದಾಟಿಸಿದ. ನಗರದ ಜನ ಅವರೊಂದಿಗೆ ಕೂಡಿಕೊಂಡರು. ಸುಳಿವು ಸಿಕ್ಕ ಲ್ಯಾಟಿನ್ನರು ಕಟ್ಟೆಯಲ್ಲಿದ್ದ ಹಡಗುಗಳನ್ನೇರಿ ಪಾರಾದರು. ಹೀಗೆ ಹೊರಟ ಯುದ್ಧನೌಕೆಗಳ ಸಂಖ್ಯೆ 44 ಎಂದು ಇತಿಹಾಸಕಾರ, ಟೈರ್ ನಗರದ ಆರ್ಚ್‌ಬಿಷಪ್ ವಿಲಿಯಂ ಬರೆದಿದ್ದಾನೆ. ಓಡಲಾಗದವರು ಉಳಿದರು: ಮುದುಕರು, ಹೆಂಗಸರು, ಮಕ್ಕಳು, ಕಾಯಿಲೆಯವರು.

ಅವರ ಮೇಲೆ ನಡೆದ ಕ್ರೌರ್ಯವನ್ನು ಗ್ರೀಕ್ ಮತ್ತು ಲ್ಯಾಟಿನ್ ಇತಿಹಾಸಕಾರರಿಬ್ಬರೂ ಮುಚ್ಚಿಟ್ಟಿಲ್ಲ. ಕೇರಿಗಳಿಗೆ ಬೆಂಕಿ ಹಚ್ಚಲಾಯಿತು. ಸಂತ ಜಾನ್ ಸಂಘದ ಆಸ್ಪತ್ರೆಯಲ್ಲಿ ಮಲಗಿದ್ದ ರೋಗಿಗಳನ್ನು ಹಾಸಿಗೆಯಲ್ಲೇ ಕೊಂದರು. ಪಾದ್ರಿಗಳು ಹೆಚ್ಚಿನ ಹಿಂಸೆಗೆ ಗುರಿಯಾದರು. ಪೋಪ್‌ನ ಪ್ರತಿನಿಧಿಯಾಗಿ ಬಂದಿದ್ದ ಕಾರ್ಡಿನಲ್ ಜಾನ್‌ನ ತಲೆ ಕತ್ತರಿಸಿ, ಅದನ್ನು ನಾಯಿಯ ಬಾಲಕ್ಕೆ ಕಟ್ಟಿ ಎಳೆಸಿದರೆಂದು ವಿಲಿಯಂ ದಾಖಲಿಸಿದ್ದಾನೆ. ಜೀವ ಉಳಿದೀತೆಂದು ನೆರೆಹೊರೆಯವರ ಮನೆ ಹೊಕ್ಕವರನ್ನೂ ತುರ್ಕರಿಗೆ ಗುಲಾಮರಾಗಿ ಮಾರಲಾಯಿತು, ಹಾಗೆ ಮಾರಾಟವಾದವರು 4,000ಕ್ಕೂ ಹೆಚ್ಚು ಎಂಬುದು ಆತನ ಲೆಕ್ಕ.

ಸತ್ತವರೆಷ್ಟು? ಆಗ ನಗರದಲ್ಲಿ 60,000 ಲ್ಯಾಟಿನ್ನರಿದ್ದರು ಎಂದು ಥೆಸಲೋನಿಕಾದ ಆರ್ಚ್‌ಬಿಷಪ್ ಯೂಸ್ತಾಥಿಯಸ್ ಬರೆದಿದ್ದಾನೆ. ಆಧುನಿಕ ವಿದ್ವಾಂಸರು ಈ ಸಂಖ್ಯೆಯನ್ನು ಉತ್ಪ್ರೇಕ್ಷೆ ಎನ್ನುತ್ತಾರೆ. ಸತ್ತವರು ಸಾವಿರಾರು ಮಂದಿ ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಅವರಲ್ಲಿ ಹೆಚ್ಚಿನವರು ಪೀಸಾ ಮತ್ತು ಜಿನೋವಾದವರು. 1171ರ ಬಂಧನದ ನಂತರ ವೆನಿಸ್‌ನವರು ನಗರದಲ್ಲಿ ಹೆಚ್ಚಾಗಿ ಉಳಿದಿರಲಿಲ್ಲ.

ಪಾರಾದ ಹಡಗುಗಳು ಸುಮ್ಮನೆ ಹೋಗಲಿಲ್ಲ. ಹಾದಿಯುದ್ದಕ್ಕೂ ಮರ್ಮರಾ ಸಮುದ್ರದ ದಡದ ಊರುಗಳನ್ನೂ ಮಠಗಳನ್ನೂ ಸುಟ್ಟು ದೋಚಿದವು. ಕೇರಿಗೆ ಬೆಂಕಿಯಿಟ್ಟವರ ಪಾಪಕ್ಕೆ ಏನೂ ಅರಿಯದ ಮೀನುಗಾರರು, ಸನ್ಯಾಸಿಗಳು ದಂಡ ತೆತ್ತರು.

ಪಟ್ಟವೇರಿದ ಮೇಲೆ

ಎಲ್ಲ ಮುಗಿದ ಮೇಲೆ ಆಂಡ್ರೊನಿಕಸ್ ನಗರ ಪ್ರವೇಶಿಸಿದ. ಮ್ಯಾನುಯಲ್‌ನ ಸಮಾಧಿಯ ಮುಂದೆ ನಿಂತು ಬಿಕ್ಕಿ ಬಿಕ್ಕಿ ಅತ್ತ. ಬಾಲಕ ಅಲೆಕ್ಸಿಯಸ್‌ನನ್ನು ಹೆಗಲ ಮೇಲೆ ಹೊತ್ತು ಹಗಿಯಾ ಸೋಫಿಯಾಗೆ ಕರೆದೊಯ್ದು ಪಟ್ಟಾಭಿಷೇಕ ಮಾಡಿಸಿದ. ಜನ ಜಯಕಾರ ಹಾಕಿದರು.

ಮುಂದಿನ ತಿಂಗಳುಗಳಲ್ಲಿ ಒಂದೊಂದೇ ಹೆಣ ಬಿತ್ತು. ದಂಗೆಯೆದ್ದು ತನಗೆ ದಾರಿ ಮಾಡಿಕೊಟ್ಟಿದ್ದ ಮ್ಯಾನುಯಲ್‌ನ ಮಗಳೂ ಅವಳ ಗಂಡನೂ ಸತ್ತರು. ವಿಷವಿಕ್ಕಿದರೆಂಬ ಗುಮಾನಿ ಹಬ್ಬಿತು. ರಾಣಿ ಮರಿಯಾಳ ಮೇಲೆ ರಾಜದ್ರೋಹದ ಆರೋಪ ಹೊರಿಸಿ, ಮರಣದಂಡನೆಯ ಪತ್ರಕ್ಕೆ ಅವಳ ಮಗನಿಂದಲೇ ಸಹಿ ಹಾಕಿಸಲಾಯಿತು. ಆ ಶಿಕ್ಷೆ ಜಾರಿ ಮಾಡಲು ಆಂಡ್ರೊನಿಕಸ್‌ನ ಹಿರಿಯ ಮಗನೇ ಒಪ್ಪಲಿಲ್ಲ. ಹಡಗುಗಳನ್ನು ಒಪ್ಪಿಸಿದ್ದ ದಂಡನಾಯಕ ಸಂಚಿನ ಆರೋಪದಲ್ಲಿ ಕಣ್ಣು ಕಳೆದುಕೊಂಡ. 1183ರ ಸೆಪ್ಟೆಂಬರ್‌ನಲ್ಲಿ ಆಂಡ್ರೊನಿಕಸ್ ಸಹ ಚಕ್ರವರ್ತಿಯಾದ. ಸ್ವಲ್ಪ ಕಾಲದಲ್ಲೇ ಬಾಲಕ ಅಲೆಕ್ಸಿಯಸ್‌ನನ್ನು ಬಿಲ್ಲಿನ ಹೆದೆಯಿಂದ ಬಿಗಿದು ಕೊಂದು ಶವವನ್ನು ಕಡಲಿಗೆ ಎಸೆಯಲಾಯಿತು. ಆ ಹುಡುಗನ ವಿಧವೆ, ಫ್ರಾನ್ಸ್ ದೊರೆಯ ಮಗಳು ಆಗ್ನೆಸ್‌ಗೆ ಆಗ ಸುಮಾರು 12 ವರ್ಷ. ಅರವತ್ತೈದರ ಆಸುಪಾಸಿನ ಆಂಡ್ರೊನಿಕಸ್ ಅವಳನ್ನು ಮದುವೆಯಾದ.

ಆದರೂ ಆತನ ಆಡಳಿತದ ಇನ್ನೊಂದು ಮುಖವನ್ನು ನಿಕೆಟಾಸ್ ಮರೆಮಾಚಿಲ್ಲ. ಹುದ್ದೆಗಳ ಮಾರಾಟಕ್ಕೆ ತಡೆ ಬಿತ್ತು. ಪ್ರಾಂತ್ಯದ ಅಧಿಕಾರಿಗಳು ಪ್ರಜೆಗಳನ್ನು ಸುಲಿಯದಂತೆ ಅವರಿಗೆ ಒಳ್ಳೆಯ ಸಂಬಳ ಗೊತ್ತುಮಾಡಲಾಯಿತು. ದಡಕ್ಕೆ ಅಪ್ಪಳಿಸಿ ಒಡೆದ ಹಡಗುಗಳ ಸರಕನ್ನು ದೋಚುವ ಹಳೆಯ ರೂಢಿಯನ್ನು ಆತ ಉಗ್ರ ಶಿಕ್ಷೆಯ ಬೆದರಿಕೆಯಿಂದ ನಿಲ್ಲಿಸಿದ. ಹಳ್ಳಿಗಳಲ್ಲಿ ಬಡ ರೈತ ನೆಮ್ಮದಿಯ ಉಸಿರು ಬಿಟ್ಟ. ಕಡಲಲ್ಲಿ ಮುಳುಗಿದ ವರ್ತಕನ ಗಂಟನ್ನು ಕಾಯಲು ಕಾನೂನು ಮಾಡಿದವನು, ಊರಿನಲ್ಲಿ ಮನೆ ಮಾಡಿಕೊಂಡಿದ್ದ ವರ್ತಕನ ಪ್ರಾಣ ಕಾಯಲಿಲ್ಲ.

ಇನ್ನೂ ಅಚ್ಚರಿಯ ಬೆಳವಣಿಗೆ ಬೇರೊಂದಿತ್ತು. ಲ್ಯಾಟಿನ್ನರ ದ್ವೇಷದ ಅಲೆಯ ಮೇಲೆ ಬಂದ ಇದೇ ಆಂಡ್ರೊನಿಕಸ್ ಅಧಿಕಾರ ಹಿಡಿದ ಬೆನ್ನಲ್ಲೇ ವೆನಿಸ್‌ನೊಂದಿಗೆ ಸಂಧಾನಕ್ಕೆ ಇಳಿದ. 1171ರಿಂದ ಸೆರೆಯಲ್ಲಿದ್ದವರನ್ನು ಬಿಡುಗಡೆ ಮಾಡಿ, ನಷ್ಟ ಪರಿಹಾರದ ಭರವಸೆ ಕೊಟ್ಟು, ಹಳೆಯ ಕೇರಿಗೆ ವರ್ತಕರನ್ನು ಮರಳಿ ಕರೆಸಿಕೊಂಡ. ಪೀಸಾ ಮತ್ತು ಜಿನೋವಾ ಶತ್ರುಗಳಾಗಿದ್ದವು. ಕಡಲಲ್ಲಿ ಒಬ್ಬ ಮಿತ್ರನಾದರೂ ಬೇಕಿತ್ತು. ವರ್ತಕರಿಲ್ಲದೆ ಬಂದರು ನಡೆಯದು, ಹಡಗುಗಳಿಲ್ಲದೆ ರಾಜಧಾನಿ ಉಳಿಯದು ಎಂಬ ಸತ್ಯ ಅಜ್ಜನಿಗೆ ತಿಳಿದಂತೆ ಮೊಮ್ಮಗನಿಗೂ ತಿಳಿಯಿತು. ತಿಳಿಯುವ ಹೊತ್ತಿಗೆ ಸಾವಿರಾರು ಜೀವಗಳು ಹೋಗಿದ್ದವು.

ಥೆಸಲೋನಿಕಾ ಪತನ

ಹಡಗೇರಿ ಪಾರಾದವರು ತಮ್ಮ ಗೋಳನ್ನು ಪಶ್ಚಿಮದ ಬಂದರುಗಳಿಗೆಲ್ಲ ಹೊತ್ತೊಯ್ದಿದ್ದರು. ಆಂಡ್ರೊನಿಕಸ್‌ಗೆ ಹೆದರಿ ಓಡಿದ ಗ್ರೀಕ್ ಶ್ರೀಮಂತರೂ ಪರದೇಶಗಳ ಆಸ್ಥಾನ ಸೇರಿ ಸೇಡಿಗೆ ಪ್ರಚೋದಿಸುತ್ತಿದ್ದರು. ಸಿಸಿಲಿಯ ನಾರ್ಮನ್ ದೊರೆ ಎರಡನೇ ವಿಲಿಯಂಗೆ ದಂಡೆತ್ತಲು ಇದಕ್ಕಿಂತ ಒಳ್ಳೆಯ ನೆಪ ಬೇಕಿರಲಿಲ್ಲ.

1185ರ ಜೂನ್‌ನಲ್ಲಿ ಆತನ ಸೇನೆ ಆಡ್ರಿಯಾಟಿಕ್ ದಡದ ಡಿರಾಕಿಯಂ ಕೋಟೆಯನ್ನು ವಶಪಡಿಸಿಕೊಂಡಿತು. ಆಗಸ್ಟ್ 24ರಂದು ಸಾಮ್ರಾಜ್ಯದ ಎರಡನೇ ದೊಡ್ಡ ನಗರ ಥೆಸಲೋನಿಕಾ ಬಿತ್ತು. ಮೂರು ವರ್ಷ ಹಿಂದೆ ರಾಜಧಾನಿಯ ಲ್ಯಾಟಿನ್ ಕೇರಿಗಳಲ್ಲಿ ನಡೆದದ್ದು ಇಲ್ಲಿ ಗ್ರೀಕರ ಮನೆಗಳಲ್ಲಿ ನಡೆಯಿತು. ಚರ್ಚಿಗೆ ನುಗ್ಗಿ ಕೊಂದರು, ಹಾಸಿಗೆ ಹಿಡಿದವರನ್ನೂ ಬಿಡಲಿಲ್ಲ. ಆರ್ಚ್‌ಬಿಷಪ್ ಯೂಸ್ತಾಥಿಯಸ್ ಊರು ಬಿಡದೆ ನಿಂತು ಸೆರೆಯಾಳಾದ. ಕಂಡದ್ದನ್ನೆಲ್ಲ ಗ್ರಂಥವಾಗಿ ಬರೆದ. ಸತ್ತವರ ಸಂಖ್ಯೆ ಸುಮಾರು 7,000 ಎಂಬುದು ಆತನ ಅಂದಾಜು. 1182ರ ಹತ್ಯಾಕಾಂಡದ ವಿವರವನ್ನೂ ಆತ ಅದೇ ಗ್ರಂಥದಲ್ಲಿ ದಾಖಲಿಸಿದ. ಅದು ಹೇಯ ಕೃತ್ಯ ಎಂದು ಹೇಳಲು ಆ ಗ್ರೀಕ್ ಧರ್ಮಗುರು ಹಿಂಜರಿಯಲಿಲ್ಲ.

ಅದೇ ಬೀದಿ, ಅದೇ ಜನ

ಶತ್ರು ರಾಜಧಾನಿಯತ್ತ ಬರುತ್ತಿರುವ ಸುದ್ದಿಗೆ ನಗರ ತಲ್ಲಣಿಸಿತು. ಆಂಡ್ರೊನಿಕಸ್‌ಗೆ ಎಲ್ಲೆಲ್ಲೂ ಸಂಚುಗಾರರೇ ಕಾಣತೊಡಗಿದರು. 1185ರ ಸೆಪ್ಟೆಂಬರ್ 11ರಂದು ಆತನ ಬಲಗೈ ಬಂಟ ಶ್ರೀಮಂತನೊಬ್ಬನನ್ನು ಬಂಧಿಸಲು ಮನೆ ಬಾಗಿಲಿಗೆ ಹೋದ. ಆ ಶ್ರೀಮಂತ ಐಸಾಕ್ ಏಂಜೆಲಸ್, ಹಿಂದೊಮ್ಮೆ ಸರಪಳಿ ಹಿಡಿದು ಆಂಡ್ರೊನಿಕಸ್‌ನನ್ನು ಎಳೆದವನು. ಸಾಯುವುದು ಖಚಿತವೆಂದರಿತ ಐಸಾಕ್ ಕತ್ತಿ ಹಿರಿದು ಬಂಟನನ್ನು ಕಡಿದು, ಕುದುರೆಯೇರಿ ಹಗಿಯಾ ಸೋಫಿಯಾಗೆ ಓಡಿದ.

ರಾತ್ರಿಯಿಡೀ ಜನ ಸೇರಿದರು. ಬೆಳಗಾಗುವಷ್ಟರಲ್ಲಿ ಸೆರೆಮನೆಗಳ ಬಾಗಿಲು ಮುರಿದಿತ್ತು. ಐಸಾಕ್ ಚಕ್ರವರ್ತಿಯೆಂದು ಘೋಷಿತನಾಗಿದ್ದ. ಅರಮನೆಯ ಗೋಪುರದಿಂದ ಬಾಣ ಬಿಟ್ಟು ಜನರನ್ನು ಚದುರಿಸಲು ಯತ್ನಿಸಿದ ಆಂಡ್ರೊನಿಕಸ್ ಕೊನೆಗೆ ಎಳೆಯ ಪತ್ನಿಯೊಂದಿಗೆ ಹಡಗೇರಿ ಪಲಾಯನ ಮಾಡಿದ. ಜನ ಅರಮನೆಗೆ ನುಗ್ಗಿ ಖಜಾನೆ ದೋಚಿದರು. ಕಪ್ಪು ಸಮುದ್ರದ ದಡದಲ್ಲಿ ಗಾಳಿ ಎದುರಾಯಿತು, ಹಡಗು ಮುಂದೆ ಸಾಗಲಿಲ್ಲ. ಸೆರೆಮನೆಗಳಿಂದ ಅಷ್ಟು ಸಲ ತಪ್ಪಿಸಿಕೊಂಡವನು ಈ ಬಾರಿ ಸಿಕ್ಕಿಬಿದ್ದ.

ಮತ್ತೆ ಆತನ ಕೊರಳಿಗೆ ಸರಪಳಿ ಬಿತ್ತು. ಈ ಸಲ ಅದು ನಾಟಕವಾಗಿರಲಿಲ್ಲ. ಬಲಗೈ ಕತ್ತರಿಸಿ ಅನ್ನ ನೀರಿಲ್ಲದೆ ಸೆರೆಯಲ್ಲಿಟ್ಟರು. ಒಂದು ಕಣ್ಣು ಕಿತ್ತು, ಬಡಕಲು ಒಂಟೆಯ ಮೇಲೆ ಕೂರಿಸಿ ಬೀದಿ ಬೀದಿ ಮೆರವಣಿಗೆ ಮಾಡಿದರು. ಜನ ಕಲ್ಲು, ಹೊಲಸು, ಕುದಿಯುವ ನೀರು ಎರಚಿದರು. ಸಾರ್ವಜನಿಕ ಕ್ರೀಡಾಂಗಣದಲ್ಲಿ ಎರಡು ಕಂಬಗಳ ನಡುವೆ ತಲೆಕೆಳಗಾಗಿ ನೇತುಹಾಕಿದರು. ಅಲ್ಲಿ ನೆರೆದವರಲ್ಲಿ ಕೆಲವು ಲ್ಯಾಟಿನ್ನರೂ ಇದ್ದರು. ಯಾರ ಕತ್ತಿಯ ಏಟು ಹೆಚ್ಚು ಆಳಕ್ಕೆ ಇಳಿಯುತ್ತದೆಂದು ಅವರು ಆ ಮೈಯ ಮೇಲೆ ಪರೀಕ್ಷೆ ಮಾಡಿದರೆಂದು ನಿಕೆಟಾಸ್ ಬರೆಯುತ್ತಾನೆ.

ಆಂಡ್ರೊನಿಕಸ್ ತನಗಾಗಿ ಜೀರ್ಣೋದ್ಧಾರ ಮಾಡಿಸಿದ್ದ ಚರ್ಚಿನಲ್ಲಿ ಆತನಿಗೆ ಸಮಾಧಿ ದೊರೆಯಲಿಲ್ಲ.

ಉಳಿದ ಲೆಕ್ಕ

ಐಸಾಕ್‌ನ ಸೇನೆ ನಾರ್ಮನ್ನರನ್ನು ಹಿಮ್ಮೆಟ್ಟಿಸಿತು. ವರ್ತಕರ ವಿಷಯದಲ್ಲಿ ಹೊಸ ಚಕ್ರವರ್ತಿಯೂ ಹಳೆಯ ದಾರಿಗೇ ಮರಳಬೇಕಾಯಿತು. 1187ರಲ್ಲಿ ವೆನಿಸ್‌ಗೆ, 1192ರಲ್ಲಿ ಪೀಸಾ ಮತ್ತು ಜಿನೋವಾಗೆ ಹಿಂದಿನ ಹಕ್ಕುಗಳನ್ನು ಮತ್ತೆ ಬರೆದುಕೊಡಲಾಯಿತು. ಲ್ಯಾಟಿನ್ನರು ತಮ್ಮ ಕೇರಿಗಳಿಗೆ ಹಿಂದಿರುಗಿದರು. ಹತ್ಯಾಕಾಂಡದಿಂದ ಗ್ರೀಕ್ ವ್ಯಾಪಾರಿಗೆ ಸಿಕ್ಕ ಲಾಭ ಏನೂ ಇರಲಿಲ್ಲ.

ಆದರೆ ನೆನಪು ಸತ್ತಿರಲಿಲ್ಲ. 1203ರಲ್ಲಿ ನಾಲ್ಕನೇ ಧರ್ಮಯುದ್ಧದ ಸೇನೆ ವೆನಿಸ್‌ನ ಹಡಗುಗಳಲ್ಲಿ ಬಂದು ನಗರದೆದುರು ಲಂಗರು ಹಾಕಿದಾಗ ಜನ ಮತ್ತೊಮ್ಮೆ ಲ್ಯಾಟಿನ್ ಕೇರಿಗಳ ಮೇಲೆ ಬಿದ್ದರು. ಶತಮಾನದಿಂದ ನಗರದಲ್ಲೇ ಬಾಳಿದ್ದ ಪೀಸಾದವರೂ ಶತ್ರು ಪಾಳೆಯಕ್ಕೆ ಹೋಗಿ ಸೇರಿದರು. 1204ರ ಏಪ್ರಿಲ್ 13ರಂದು ಕಾನ್‌ಸ್ಟಾಂಟಿನೋಪಲ್ ಸೂರೆಯಾಯಿತು. ಆ ದಾಳಿಯ ಮುಂದಾಳುಗಳಲ್ಲಿ ಪ್ರಮುಖನಾದ ವೆನಿಸ್‌ನ ನಗರಾಧ್ಯಕ್ಷ ಎನ್ರಿಕೊ ಡಾಂಡೊಲೊ, 1171ರ ಬಂಧನದ ನಂತರ ಸಂಧಾನಕ್ಕೆಂದು ಇದೇ ನಗರಕ್ಕೆ ಬಂದು ಹೋಗಿದ್ದವನು. ಅದೇ ಏಪ್ರಿಲ್‌ನಲ್ಲಿ ಆಂಡ್ರೊನಿಕಸ್‌ನ ಇಬ್ಬರು ಮೊಮ್ಮಕ್ಕಳು ಕಪ್ಪು ಸಮುದ್ರದ ದಡದ ಟ್ರೆಬಿಜಾಂಡ್‌ನಲ್ಲಿ ಸಣ್ಣದೊಂದು ರಾಜ್ಯ ಕಟ್ಟಿದರು. ಅದು 1461ರವರೆಗೆ ಬಾಳಿತು.

ಆಂಡ್ರೊನಿಕಸ್‌ನ ಕಥೆ ಬರೆದ ನಿಕೆಟಾಸ್ ಕೂಡ ಆಗ ರಾಜಧಾನಿಯಲ್ಲೇ ಇದ್ದ. ಊರೇ ಲ್ಯಾಟಿನ್ನರ ಮೇಲೆ ಕತ್ತಿ ಮಸೆಯುತ್ತಿದ್ದ ದಿನಗಳಲ್ಲಿ ಆತ ವೆನಿಸ್‌ನ ದ್ರಾಕ್ಷಾರಸದ ವ್ಯಾಪಾರಿಯೊಬ್ಬನಿಗೂ ಆತನ ಹೆಂಡತಿಗೂ ಆಶ್ರಯ ಕೊಟ್ಟಿದ್ದ. ನಗರ ಸೂರೆಯಾದ ದಿನ ಆ ವ್ಯಾಪಾರಿ ಕವಚ ತೊಟ್ಟು ಸೈನಿಕನ ವೇಷದಲ್ಲಿ ಬಾಗಿಲಲ್ಲಿ ನಿಂತ. ಈ ಮನೆ ತಾನು ಗೆದ್ದುಕೊಂಡದ್ದು ಎಂದು ಹೇಳಿ ದಾಳಿಕೋರರನ್ನು ತಡೆದ. ಆತನ ನೆರವಿನಿಂದಲೇ ನಿಕೆಟಾಸ್‌ನ ಕುಟುಂಬ ಜೀವ ಉಳಿಸಿಕೊಂಡು ನಗರದಿಂದ ಹೊರಬಿತ್ತು.

ಆ ವರ್ತಕ ಅಂದು ಬಾಗಿಲಲ್ಲಿ ನಿಲ್ಲದೇ ಹೋಗಿದ್ದರೆ ನಿಕೆಟಾಸ್‌ನ ಗ್ರಂಥ ಪೂರ್ಣಗೊಳ್ಳುತ್ತಿತ್ತೋ ಇಲ್ಲವೋ. ಸಾಮ್ರಾಜ್ಯವಾಳಿದ ಆಂಡ್ರೊನಿಕಸ್‌ನ ಹೆಸರು ಇಷ್ಟು ವಿವರವಾಗಿ ಲೋಕಕ್ಕೆ ಉಳಿದಿರುವುದರ ಹಿಂದೆ, ಆತ ಬೇಟೆಯಾಡಿಸಿದ ಜನವರ್ಗದ ಒಬ್ಬ ಸಾಮಾನ್ಯ ವ್ಯಾಪಾರಿಯ ಋಣವೂ ಇದೆ.